ಪದ ಪರಿಚಯ: ಸಾಗರ ಶಕ್ತಿ

ಸಮುದ್ರದ ನೀರಿನ ಚಲನೆಯನ್ನು, ಅದರ ಶಾಖವನ್ನು ಅಥವಾ ಉಪ್ಪಿನಂಶದ ವ್ಯತ್ಯಾಸವನ್ನು ಬಳಸಿಕೊಂಡು ವಿದ್ಯುತ್ ಪಡೆಯುವುದಕ್ಕೆ ಸಾಗರ ಶಕ್ತಿ ಎಂದು ಹೆಸರು. ಕಡಲಿನಲ್ಲಿ ನೆಟ್ಟ ಗಾಳಿಯಂತ್ರಗಳನ್ನು ಸಾಮಾನ್ಯವಾಗಿ ಇದರಲ್ಲಿ ಸೇರಿಸುವುದಿಲ್ಲ. ಅವು ದುಡಿಸಿಕೊಳ್ಳುವುದು ಗಾಳಿಯನ್ನೇ ಹೊರತು ನೀರನ್ನಲ್ಲ. ಉಬ್ಬರವಿಳಿತ, ಅಲೆ ಮತ್ತು ನೀರಿನ ಪದರಗಳ ನಡುವಿನ ಉಷ್ಣತೆಯ ಅಂತರ ಇದರ ಮುಖ್ಯ ಮೂಲಗಳು. ಒಂದೊಂದಕ್ಕೂ ಯಂತ್ರ ಬೇರೆ, ತೊಡಕೂ ಬೇರೆ ಆಗಿರುವುದರಿಂದ ಇವನ್ನೆಲ್ಲ ಒಂದೇ ತಂತ್ರಜ್ಞಾನವೆಂದು ಭಾವಿಸಬಾರದು.

ಹೆಚ್ಚು ಬಳಕೆಗೆ ಬಂದಿರುವುದು ಉಬ್ಬರವಿಳಿತ. ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದಾಗಿ ಬಹುತೇಕ ಕರಾವಳಿಗಳಲ್ಲಿ ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ನೀರು ಏರಿ ಇಳಿಯುತ್ತದೆ. ಬಿಸಿಲಿಗೆ ಮೋಡ ಅಡ್ಡ ಬರಬಹುದು, ಗಾಳಿ ನಿಂತುಹೋಗಬಹುದು. ಉಬ್ಬರ ಯಾವ ಹೊತ್ತಿಗೆ ಎಷ್ಟು ಏರುತ್ತದೆ ಎಂಬುದನ್ನು ಮಾತ್ರ ವರ್ಷಗಳಷ್ಟು ಮೊದಲೇ ಲೆಕ್ಕ ಹಾಕಿಡಬಹುದು. ಸಾಗರ ಶಕ್ತಿಯ ಅತಿ ದೊಡ್ಡ ಗುಣ ಇದೇ ಎಂದು ನಾನು ಭಾವಿಸುತ್ತೇನೆ. ಫ್ರಾನ್ಸಿನ ರಾನ್ಸ್ ನದಿಯ ಅಳಿವೆಗೆ ಅಡ್ಡಲಾಗಿ ಕಟ್ಟಿದ, 1966ರಲ್ಲಿ ಆರಂಭವಾದ ಸ್ಥಾವರವು ಏರಿದ ನೀರನ್ನು ಒಳಗೆ ತಡೆದಿಟ್ಟು, ಹೊರಗಿನ ಮಟ್ಟ ತಗ್ಗಿದ ಮೇಲೆ ತಲಾ 10 ಮೆಗಾವಾಟ್‌ನ 24 ಟರ್ಬೈನುಗಳ ಮೂಲಕ ಬಿಡುತ್ತದೆ. ದಕ್ಷಿಣ ಕೊರಿಯಾದ ಸಿಹ್ವಾ ಸ್ಥಾವರದ ಸಾಮರ್ಥ್ಯ 254 ಮೆಗಾವಾಟ್. ಜಗತ್ತಿನಲ್ಲಿ ಇಂದು ಸ್ಥಾಪಿತವಾಗಿರುವ ಸಾಗರ ಶಕ್ತಿಯ ಬಹುಪಾಲು ಈ ಎರಡು ಕಟ್ಟೆಗಳದ್ದೇ.

ಕಟ್ಟೆಯಿಲ್ಲದೆ, ಹರಿವಿನ ನಡುವೆಯೇ ಟರ್ಬೈನು ನಿಲ್ಲಿಸುವ ಕ್ರಮವೂ ಇದೆ. ಸ್ಕಾಟ್ಲೆಂಡಿನ ಉತ್ತರದ ಪೆಂಟ್ಲೆಂಡ್ ಜಲಸಂಧಿಯಲ್ಲಿ ಅಂತಹ ಯಂತ್ರಗಳು ಸಮುದ್ರತಳದಲ್ಲಿ ನಿಂತಿವೆ. ಸಮುದ್ರದ ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರವಾದುದು. ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಹರಿಯುವ ನೀರಿನ ಒಂದು ಚದರ ಮೀಟರಿನಲ್ಲಿರುವಷ್ಟು ಶಕ್ತಿ ಗಾಳಿಯಲ್ಲಿ ಸಿಗಬೇಕಾದರೆ ಅದು ಗಂಟೆಗೆ ಸುಮಾರು 85 ಕಿಲೋಮೀಟರ್ ವೇಗದಲ್ಲಿ ಬೀಸಬೇಕಾಗುತ್ತದೆ.

ಅಲೆಯ ವಿಷಯ ಇಷ್ಟು ಸರಳವಲ್ಲ. ನೀರು ಕ್ಷಣಕ್ಕೊಮ್ಮೆ ಮೇಲೆ ಕೆಳಗೆ, ಹಿಂದೆ ಮುಂದೆ ತೂಗುತ್ತದೆ. ಜನರೇಟರಿಗೆ ಬೇಕಾದದ್ದು ಒಂದೇ ದಿಕ್ಕಿನ, ಒಂದೇ ಹದದ ತಿರುಗುವಿಕೆ. ಇದಕ್ಕೆ ದೊರೆತ ಸುಂದರವಾದ ಪರಿಹಾರಗಳಲ್ಲೊಂದು ಗಾಳಿಕೋಣೆ. ದಡದ ಕಾಂಕ್ರೀಟ್ ಕೋಣೆಯೊಳಗೆ ಅಲೆ ಏರಿದಾಗ ಒಳಗಿನ ಗಾಳಿ ಕುಲುಮೆಯ ತಿದಿಯಿಂದ ಬಂದಂತೆ ಹೊರನುಗ್ಗುತ್ತದೆ, ಅಲೆ ಇಳಿದಾಗ ಮತ್ತೆ ಒಳಸೇರುತ್ತದೆ. ಬೆಲ್‌ಫಾಸ್ಟ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅಲನ್ ವೆಲ್ಸ್ 1970ರ ದಶಕದಲ್ಲಿ ರೂಪಿಸಿದ ಟರ್ಬೈನಿನ ಅಲಗುಗಳಿಗೆ ಎರಡೂ ಬದಿ ಒಂದೇ ಆಕಾರವಿರುವುದರಿಂದ ಗಾಳಿ ಯಾವ ಕಡೆಯಿಂದ ಬಂದರೂ ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಸ್ಪೇನಿನ ಮುತ್ರಿಕು ಬಂದರಿನ ತಡೆಗೋಡೆಯಲ್ಲಿ 2011ರಿಂದ ಇಂತಹ 16 ಟರ್ಬೈನುಗಳಿವೆ. ಎಲ್ಲ ಸೇರಿ 296 ಕಿಲೋವಾಟ್ ಮಾತ್ರ.

ಸಾಮರ್ಥ್ಯ ಇಷ್ಟು ಚಿಕ್ಕದಾಗಿಯೇ ಉಳಿದಿರುವುದಕ್ಕೆ ಮುಖ್ಯ ಕಾರಣವೊಂದಿದೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 2 ಮೀಟರಿನ ಅಲೆಗಿಂತ 10 ಮೀಟರಿನ ಅಲೆಯಲ್ಲಿ 25 ಪಟ್ಟು ಶಕ್ತಿಯಿರುತ್ತದೆ. ಯಂತ್ರ ಸಂಪಾದಿಸುವುದು ಸಾಧಾರಣ ದಿನಗಳ ಅಲೆಯಿಂದಾದರೂ ಅದನ್ನು ಕಟ್ಟಬೇಕಾದದ್ದು ಅಪರೂಪದ ಬಿರುಗಾಳಿಯನ್ನು ತಾಳುವಂತೆ; ಜೊತೆಗೆ ಉಪ್ಪುನೀರಿನ ತುಕ್ಕು, ಮೈಗೆ ಅಂಟಿ ಬೆಳೆಯುವ ಜೀವಿಗಳು, ದುರಸ್ತಿಗೆ ಹಡಗನ್ನೇ ಒಯ್ಯಬೇಕಾದ ವೆಚ್ಚ. ಪೋರ್ಚುಗಲ್ಲಿನ ಅಗುಸಾದೌರಾ ಬಳಿ 2008ರಲ್ಲಿ ತೇಲಿಬಿಟ್ಟ ಯಂತ್ರಗಳು ಕೆಲವೇ ತಿಂಗಳಲ್ಲಿ ನಿಂತವು. ಆದರೂ ಈ ಪ್ರಯತ್ನವನ್ನು ಕೈಬಿಡಬಾರದು, ಏಕೆಂದರೆ ಇಲ್ಲಿ ಕೊರತೆಯಿರುವುದು ಶಕ್ತಿಗಲ್ಲ, ಬಾಳಿಕೆ ಬರುವ ಯಂತ್ರಕ್ಕೆ.

ಉಷ್ಣವಲಯದ ಸಮುದ್ರದಲ್ಲಿ ಮೇಲ್ಪದರದ ನೀರು ಬೆಚ್ಚಗೂ ಸಾವಿರ ಮೀಟರ್ ಆಳದ ನೀರು ತಣ್ಣಗೂ ಇದ್ದು, ಅಂತರ ಸುಮಾರು 20 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೆಚ್ಚನೆಯ ನೀರಿನಿಂದ ಅಮೋನಿಯಾವನ್ನು ಆವಿಯಾಗಿಸಿ ಟರ್ಬೈನ್ ತಿರುಗಿಸಿ, ತಣ್ಣೀರಿನಿಂದ ಮತ್ತೆ ದ್ರವವಾಗಿಸಬಹುದು. ಹಗಲಿರುಳೂ ನಡೆಯಬಲ್ಲ ವಿಧಾನವಾದರೂ ಅಂತರ ಕಡಿಮೆಯಿರುವುದರಿಂದ ದಕ್ಷತೆ ತೀರಾ ಅಲ್ಪ.

ನವೀಕರಿಸಬಹುದಾದದ್ದು ಎಂದ ಮಾತ್ರಕ್ಕೆ ಹಾನಿಯಿಲ್ಲದ್ದು ಎಂದಲ್ಲ. ಕೆನಡಾದ ಅನ್ನಾಪೊಲಿಸ್ ಉಬ್ಬರವಿಳಿತ ಸ್ಥಾವರದ ಟರ್ಬೈನಿಗೆ ಮೀನುಗಳು ಬಲಿಯಾಗುವುದು ದೀರ್ಘಕಾಲದ ಕಳವಳವಾಗಿತ್ತು. ಅದು 2019ರಲ್ಲಿ ನಿಂತಿತು. ಸಿಹ್ವಾದಲ್ಲಿ ಆದದ್ದು ಬೇರೆ: ಅಲ್ಲಿ ಮೊದಲೇ ಕಟ್ಟಿದ್ದ ಒಡ್ಡಿನಿಂದ ನೀರು ನಿಂತು ಕೊಳೆತಿತ್ತು, 2011ರಲ್ಲಿ ಸ್ಥಾವರ ಆರಂಭವಾಗಿ ಸಮುದ್ರದ ನೀರು ಒಳಗೂ ಹೊರಗೂ ಹರಿಯತೊಡಗಿದ ಮೇಲೆ ಸರೋವರದ ನೀರಿನ ಗುಣಮಟ್ಟ ಸುಧಾರಿಸಿತು.