ಮುರಕಲ್ಲಿನ ಗೋಡೆಗೆ ಸಿಮೆಂಟ್ ಗಾರೆ: ಮತ್ತೊಮ್ಮೆ ಅದೇ ಉತ್ತರ

ಪ್ರಶ್ನೆ: ಮಲ್ಪೆ ಕಡಲಕರೆಯಲ್ಲಿರುವ ಅಜ್ಜನ ಕಾಲದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆಯ ಗೋಡೆ ಬುಡದಲ್ಲಿ ಪುಡಿ ಉದುರುತ್ತಿದೆ. ಉಪ್ಪುಗಾಳಿ ತಡೆಯಲು ಸಿಮೆಂಟ್ ಗಾರೆ ಹಾಕಿಸಬಹುದೇ?

ಬೇಡ. ಪ್ರತಿ ಮಳೆಗಾಲ ಕಳೆದೊಡನೆ ಈ ಪ್ರಶ್ನೆ ಬರುತ್ತದೆ, ಉತ್ತರ ಬದಲಾಗಿಲ್ಲ.

ಸಿಮೆಂಟ್ ಉಪ್ಪನ್ನು ತಡೆಯುತ್ತದೆ ಎಂಬ ನಂಬಿಕೆ ಮಾತ್ರ ಸಾಯುವುದಿಲ್ಲ. ಉಪ್ಪು ಬರುವುದು ಗಾಳಿಯಿಂದಷ್ಟೇ ಅಲ್ಲ. ಹೊಯಿಗೆ (ಮರಳು) ನೆಲದ ತೇವದ ಜೊತೆ ಬುಡದಿಂದಲೂ ಏರುತ್ತದೆ. ಮುರಕಲ್ಲು ತೂತುತೂತಿನ ಕಲ್ಲು. ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದರೆ ತೇವ ಇನ್ನಷ್ಟು ಮೇಲೆ ಹತ್ತುತ್ತದೆ, ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನೇ ಪದರಪದರವಾಗಿ ಎಬ್ಬಿಸುತ್ತದೆ. ಕೊನೆಗೆ ಗಾರೆ ಕಲ್ಲನ್ನೂ ಕಿತ್ತುಕೊಂಡೇ ಬೀಳುತ್ತದೆ. "ಸಿಮೆಂಟ್ ಕಡಿಮೆಯಾಯ್ತು" ಎಂದು ಮೇಸ್ತ್ರಿ ಇನ್ನೂ ಗಟ್ಟಿಯಾಗಿ ಕಲಸುತ್ತಾರೆ. ಎರಡನೇ ಸಲ ಹಾಳಾಗುವುದು ಇನ್ನೂ ಬೇಗ.

ಮಾಡಬೇಕಾದ್ದು ಇಷ್ಟು. ಹಳೇ ಗಾರೆಯನ್ನು ತಟ್ಟಿ ನೋಡಿ, ಟೊಳ್ಳು ಸದ್ದು ಬಂದಲ್ಲಿ ಉಳಿ-ಸುತ್ತಿಗೆಯಿಂದ ಬಿಡಿಸಿ, ಗ್ರೈಂಡರ್ ಬೇಡ. ಒಂದು ಬೇಸಿಗೆ ಗೋಡೆ ಒಣಗಲಿ. ಮೇಲೆದ್ದ ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ಗುಡಿಸಿ ಹೊರಗೆಸೆಯಿರಿ. ತೊಳೆದರೆ ಅದು ಕರಗಿ ಪುನಃ ಕಲ್ಲಿಗೇ ಇಳಿಯುತ್ತದೆ. ಆಮೇಲೆ ಎರಡು ವಾರಕ್ಕೂ ಹೆಚ್ಚು ನೆನೆದ ಚಿಪ್ಪಿನ ಸುಣ್ಣ ಒಂದು ಪಾಲು, ತೊಳೆದ ಹೊಳೆ ಹೊಯಿಗೆ ಮೂರು ಪಾಲು, ತೆಳ್ಳಗೆ ಎರಡು ಪದರ. ಕಡಲ ಹೊಯಿಗೆ ಹಾಕಿದರೆ ಉಪ್ಪನ್ನು ನೀವೇ ತಂದುಕೊಟ್ಟಂತೆ. ಒಂದು ವಾರ ಗೋಣಿ ಹೊದೆಸಿ ಒದ್ದೆ ಇಡಿ. ಮೇಲೆ ಸುಣ್ಣದ ಬಳಿತ, ಪ್ಲಾಸ್ಟಿಕ್ ಪೇಂಟ್ ಅಲ್ಲ. ಪಡುವಣ ಗೋಡೆಗೆ ಮಳೆಗಾಲದಲ್ಲಿ ಹಿಂದಿನವರು ತೆಂಗಿನ ಮಡಲಿನ (ಗರಿಯ) ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ.

ಮೀನುಗಾರ ಮೊಗವೀರರು ಮನೆಯ ಆಚೆ ಕಡಲಿನತ್ತ ಬಯಲು ಬಿಟ್ಟದ್ದೂ ಚಂದಕ್ಕಲ್ಲ. ಹತ್ತಾರು ಜನ ದಡದಿಂದ ಎಳೆಯುವ ರಂಪಣಿ ಮೀನುಬಲೆ ನೂಲಿನದಾಗಿದ್ದಾಗ ಒಣಗಿಸದಿದ್ದರೆ ಕೊಳೆಯುತ್ತಿತ್ತು, ಅದಕ್ಕೆ ಜಾಗ ಬೇಕಿತ್ತು. ನೈಲಾನ್ ಬಂದು ಆ ಬಯಲಿಗೆ ಕೆಲಸ ತಪ್ಪಿತು. ಈಗ ಅಲ್ಲಿ ಇಂಟರ್‌ಲಾಕ್ ಇಟ್ಟಿಗೆ ಹಾಸುತ್ತಾರೆ. ನೆಲದ ತೇವಕ್ಕೆ ಆರಲು ಜಾಗವಿಲ್ಲದಾಗ ಅದು ಹುಡುಕಿಕೊಂಡು ಬರುವುದು ನಿಮ್ಮ ಗೋಡೆಯ ಬುಡಕ್ಕೇ. ಹಾಸುವುದೇ ಆದರೆ ಗೋಡೆಯಿಂದ ಎರಡಡಿ ಬಿಟ್ಟು ಹಾಸಿ.