ಡಿ ಡ್ರೈವ್‌ನಲ್ಲಿರುವುದನ್ನು ಬ್ಯಾಕಪ್ ಎನ್ನಬೇಡಿ

ಅಂಗಡಿ, ಫೋಟೊ ಸ್ಟುಡಿಯೋ, ಆಡಿಟರ್ ಕಚೇರಿ, ಕ್ಲಿನಿಕ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ವೃತ್ತಿ. ಹೊಸ ಜಾಗಕ್ಕೆ ಹೋದಾಗ ಯಾವ ಆಂಟಿವೈರಸ್ ಹಾಕಿದ್ದೀರಿ ಎಂದು ಕೇಳುವುದಕ್ಕೆ ಮುಂಚೆ ಬ್ಯಾಕಪ್ ಎಲ್ಲಿದೆ ಎಂದು ಕೇಳುತ್ತೇನೆ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಡಿ ಡ್ರೈವ್‌ನಲ್ಲಿದೆ ಸರ್.’ ಕೇಳಿದವರಿಗೆ ಎರಡು ಡ್ರೈವ್ ಎಂದರೆ ಎರಡು ಪೆಟ್ಟಿಗೆ ಎಂಬ ಭಾವನೆ ಬರುತ್ತದೆ. ಆದರೆ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲುಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ, ಕಳ್ಳ ಕಂಪ್ಯೂಟರ್ ಹೊತ್ತೊಯ್ದರೆ ಎರಡೂ ಹೋಗುತ್ತವೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಒಳಹೊಕ್ಕರೆ ಅದಕ್ಕೆ ಸಿ, ಡಿ ಎಂಬ ಭೇದವೇ ಇಲ್ಲ.

ತಾಲ್ಲೂಕು ಕೇಂದ್ರವೊಂದರ ಸ್ಟುಡಿಯೋದಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮದುವೆಯ ಹಂಗಾಮು, ಕೈತುಂಬ ಕೆಲಸ. ಆಲ್ಬಂ ವಿನ್ಯಾಸ ಮಾಡುವ ಹುಡುಗನಿಗೆ ಫೋಟೊ ತಿದ್ದುವ ತಂತ್ರಾಂಶಕ್ಕೆ ಪ್ಲಗಿನ್ ಎಂಬ ಒಂದು ಪೂರಕ ತಂತ್ರಾಂಶ ಬೇಕಾಗಿತ್ತು. ದುಡ್ಡು ಕೊಟ್ಟು ಕೊಳ್ಳುವಂಥದ್ದು. ಅವನು ಅದರ ಕ್ರ್ಯಾಕ್ ಪ್ರತಿಯನ್ನು, ಅಂದರೆ ದುಡ್ಡು ಕೊಡದೆ ಓಡುವಂತೆ ತಿದ್ದಿದ ಕಳ್ಳ ಪ್ರತಿಯನ್ನು, ಹುಡುಕಿ ಇಳಿಸಿಕೊಂಡ. ‘ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದು ಅದರ ಜೊತೆಯಲ್ಲೇ ಸೂಚನೆ ಇತ್ತು. ಆಫ್ ಮಾಡಿದ. ಸ್ವಲ್ಪ ಹೊತ್ತಿಗೆ ‘ವಿಂಡೋಸ್ ಅಪ್‌ಡೇಟ್’ ಎಂಬ ಕಿಟಕಿ ತೆರೆದುಕೊಂಡಿತು, ಕಂಪ್ಯೂಟರ್ ನಿಧಾನವಾಯಿತು. ಅಪ್‌ಡೇಟ್ ಆಗುವಾಗ ಮಧ್ಯದಲ್ಲಿ ಆಫ್ ಮಾಡಬಾರದೆಂಬುದು ಅವನಿಗೆ ಗೊತ್ತಿತ್ತು. ಮುಗಿಯಲಿ ಎಂದು ಊಟಕ್ಕೆ ಎದ್ದು ಹೋದ.

ಆ ಕಿಟಕಿಯೇ ಸುಳ್ಳು. ಅದರ ಮರೆಯಲ್ಲಿ ಒಂದೊಂದೇ ಕಡತಕ್ಕೆ ಬೀಗ ಬೀಳುತ್ತಿತ್ತು. ಊಟ ಮುಗಿಸಿ ಬಂದಾಗ ಪ್ರತಿ ಫೋಟೊದ ಹೆಸರಿನ ಕೊನೆಗೆ ನಾಲ್ಕು ಅಪರಿಚಿತ ಅಕ್ಷರಗಳು ಸೇರಿಕೊಂಡಿದ್ದವು. ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಒಂದು ಪತ್ರ: ಬೀಗದ ಕೈಗೆ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ. ‘ಸ್ಟಾಪ್’ ಎಂದೂ ‘ಡಿಜೆವಿಯು’ ಎಂದೂ ಕರೆಯಲಾಗುವ ಈ ರ‍್ಯಾನ್ಸಮ್‌ವೇರ್ ಬಳಗ ಸಾಮಾನ್ಯ ಬಳಕೆದಾರರನ್ನೂ ಸಣ್ಣ ವ್ಯವಹಾರಸ್ಥರನ್ನೂ ಹಿಡಿಯುವುದು ಬಹುತೇಕ ಇಂಥ ಕ್ರ್ಯಾಕ್ ಪ್ರತಿಗಳ ಮೂಲಕವೇ. ಆಂಟಿವೈರಸ್ ಆಫ್ ಮಾಡಿ ಎಂದು ಯಾವ ತಂತ್ರಾಂಶ ಕೇಳಿದರೂ ಆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಮಾಲೀಕರು ಮೊದಲಿಗೆ ಗಾಬರಿಯಾಗಲಿಲ್ಲ. ಬೇರೆ ಹಾರ್ಡ್ ಡಿಸ್ಕಿನಲ್ಲಿ ಎಲ್ಲದರ ಪ್ರತಿ ಇದೆಯಲ್ಲ ಎಂಬ ಧೈರ್ಯ ಅವರಿಗಿತ್ತು. ಪ್ರತಿ ಇದ್ದದ್ದು ನಿಜ. ಆದರೆ ಆ ಡಿಸ್ಕ್ ಕೊಂಡ ದಿನದಿಂದ ಅದೇ ಕಂಪ್ಯೂಟರಿನ ಯುಎಸ್‌ಬಿಯಲ್ಲಿ ಸಿಕ್ಕಿಸಿದಂತೆಯೇ ಇತ್ತು. ಅದರಲ್ಲಿದ್ದ ಕಡತಗಳಿಗೂ ಅದೇ ನಾಲ್ಕು ಅಕ್ಷರಗಳ ಬಾಲ ಹತ್ತಿತ್ತು. ವಿಂಡೋಸ್ ತಾನಾಗಿ ಇಟ್ಟುಕೊಂಡಿದ್ದ ಹಳೆಯ ಪ್ರತಿಗಳನ್ನೂ ರ‍್ಯಾನ್ಸಮ್‌ವೇರ್ ಅಳಿಸಿಹಾಕಿತ್ತು.

ಸ್ವಲ್ಪ ಉಳಿಯಿತು, ಅದಕ್ಕೂ ಕಾರಣವಿದೆ. ಬೇಗ ಕೆಲಸ ಮುಗಿಸುವ ಆತುರದಲ್ಲಿ ಈ ಬಳಗದ ರ‍್ಯಾನ್ಸಮ್‌ವೇರ್ ಕಡತದ ಮೊದಲ 150 ಕೆಬಿಗೆ ಮಾತ್ರ ಬೀಗ ಹಾಕುತ್ತದೆ, ಮಿಕ್ಕ ಭಾಗವನ್ನು ಮುಟ್ಟುವುದಿಲ್ಲ. ಕ್ಯಾಮೆರಾದ ಫೋಟೊ ಹಲವು ಎಂಬಿ ಇರುತ್ತದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ಫೋಟೊದಿಂದ ತಲೆಭಾಗವನ್ನು ಎರವಲು ತಂದು ಜೋಡಿಸಿದಾಗ ಕೆಲವು ಚಿತ್ರಗಳು ತೆರೆದುಕೊಂಡವು. ಮೇಲಂಚಿನ ಒಂದು ತೆಳು ಪಟ್ಟಿ, ಮಂಟಪದ ತೋರಣವಿದ್ದ ಭಾಗ, ಹೋಯಿತು. ಮುಖಗಳು ಉಳಿದವು. ವಿಡಿಯೊಗಳೂ ಅನೇಕವು ಇದೇ ರೀತಿಯಲ್ಲಿ ಬಂದವು. ಆದರೆ ಮದುವೆ ಮನೆಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಹಿರಿಯರ ಹಳೆಯ ಸಣ್ಣ ಚಿತ್ರಗಳು 150 ಕೆಬಿಯನ್ನೂ ಮುಟ್ಟದವು, ಅವು ಇಡಿಯಾಗಿ ಹೋದವು. ಹುಡುಗ ವಾರಗಟ್ಟಲೆ ಕುಳಿತು ಮಾಡಿದ್ದ ಆಲ್ಬಂ ವಿನ್ಯಾಸಗಳೂ ತೆರೆಯಲಿಲ್ಲ. ಮತ್ತೆ ಬಳಸದೆ ಮೇಜಿನ ಖಾನೆಯಲ್ಲಿ ಬಿದ್ದಿದ್ದ ಮೆಮೊರಿ ಕಾರ್ಡುಗಳಿಂದ ಇನ್ನೊಂದಿಷ್ಟು ಸಿಕ್ಕಿತು. ಕಾರ್ಡನ್ನು ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಚಿತ್ರಗಳು ಸಾಮಾನ್ಯವಾಗಿ ಅಳಿಯುವುದಿಲ್ಲ, ಅದರ ಮೇಲೆ ಹೊಸದನ್ನು ತೆಗೆದಾಗ ಅಳಿಯುತ್ತವೆ. ಆಲ್ಬಂ ಕೈಸೇರುವವರೆಗೆ ಕಾರ್ಡನ್ನು ಮತ್ತೆ ಬಳಸಬೇಡಿ ಎಂದು ಸ್ಟುಡಿಯೋದವರಿಗೆಲ್ಲ ಹೇಳಲು ಇದೇ ಕಾರಣ.

ಬ್ಯಾಕಪ್‌ ವಿಷಯದಲ್ಲಿ ಜಗತ್ತೆಲ್ಲ ಒಪ್ಪುವ 3-2-1 ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದವರು ಕೂಡ ಒಬ್ಬ ಛಾಯಾಗ್ರಾಹಕರೇ, ಅಮೆರಿಕದ ಪೀಟರ್ ಕ್ರೋಗ್. ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ನಮ್ಮ ಸಣ್ಣ ವ್ಯವಹಾರಗಳಿಗೆ ಇದನ್ನು ನಾನು ಹೀಗೆ ಅಳವಡಿಸುತ್ತೇನೆ: ಎರಡು ಬಾಹ್ಯ ಹಾರ್ಡ್ ಡಿಸ್ಕ್ ಕೊಳ್ಳಿ. ಒಂದು ಅಂಗಡಿಯ ಬೀರುವಿನಲ್ಲಿ, ಇನ್ನೊಂದು ಮನೆಯಲ್ಲಿ. ಶನಿವಾರ ಬಾಗಿಲು ಹಾಕುವ ಮುಂಚೆ ಪ್ರತಿ ತೆಗೆದು ಡಿಸ್ಕನ್ನು ಕಳಚಿ ಮನೆಗೆ ಒಯ್ಯಿರಿ, ಮನೆಯಲ್ಲಿದ್ದದ್ದನ್ನು ಸೋಮವಾರ ಅಂಗಡಿಗೆ ತನ್ನಿ. ಪ್ರತಿ ಮಾಡುವ ಹೊತ್ತು ಬಿಟ್ಟು ಯಾವ ಡಿಸ್ಕೂ ಕಂಪ್ಯೂಟರಿಗೆ ಹತ್ತಿಕೊಂಡಿರಬಾರದು. ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ, ಜನ ಅತಿ ಬೇಗ ಮರೆಯುವುದೂ ಇದನ್ನೇ. ಮನೆಗೂ ಅಂಗಡಿಗೂ ಓಡಾಡುವ ಡಿಸ್ಕ್ ದಾರಿಯಲ್ಲಿ ಕಳೆಯಬಹುದು. ಅದಕ್ಕೆ ಪಾಸ್‌ವರ್ಡ್ ರಕ್ಷಣೆ ಬೇಕು: ವಿಂಡೋಸ್ ಪ್ರೊ ಇದ್ದವರಿಗೆ ಬಿಟ್‌ಲಾಕರ್ ಇದೆ, ಇಲ್ಲದವರಿಗೆ ಉಚಿತವಾದ ವೆರಾಕ್ರಿಪ್ಟ್ ಇದೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡಿ. ಅದು ಮರೆತುಹೋದರೆ ಆ ಡಿಸ್ಕನ್ನು ಯಾರಿಂದಲೂ ತೆರೆಯಲಾಗದು.

‘ಗೂಗಲ್ ಡ್ರೈವ್‌ಗೆ ತಾನೇ ಹೋಗುತ್ತದೆ, ಸಾಲದೇ?’ ಎಂದು ಕೇಳುವವರಿದ್ದಾರೆ. ತಾನೇ ಹೋಗುವುದೇ ತೊಡಕು. ಕಂಪ್ಯೂಟರಿನಲ್ಲಿ ಕಡತ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಬೀಗ ಬಿದ್ದರೆ ಬೀಗ ಬಿದ್ದ ಪ್ರತಿಯೇ ಅಲ್ಲಿಗೂ ಏರುತ್ತದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಹಳೆಯ ಆವೃತ್ತಿಗಳೂ ಕೆಲಕಾಲ ಸಿಗುತ್ತವೆ. ಆದ್ದರಿಂದ ಅದು ನಿರುಪಯೋಗಿಯೇನೂ ಅಲ್ಲ. ಕಳಚಿಟ್ಟ ಡಿಸ್ಕಿನ ಜೊತೆಗೆ ಇರಲಿ, ಅದರ ಜಾಗದಲ್ಲಿ ಬೇಡ.

ಮಂಡಿ, ಗಿರಣಿ, ಸಗಟು ಅಂಗಡಿಗಳಲ್ಲಿ ರೋಗ ಬೇರೆ ಬಾಗಿಲಿನಿಂದ ಬರುತ್ತದೆ. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ಇರುವ ಕಂಪ್ಯೂಟರನ್ನು ಮಾಲೀಕರು ಮನೆಯಿಂದ ನೋಡಬೇಕು, ಆಡಿಟರ್ ತಮ್ಮ ಕಚೇರಿಯಿಂದ ನೋಡಬೇಕು. ನೆಟ್‌ವರ್ಕ್ ಹಾಕಿಕೊಟ್ಟವರು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ಚಾಲೂ ಮಾಡಿ, ರೌಟರಿನಲ್ಲಿ 3389 ಸಂಖ್ಯೆಯ ಪೋರ್ಟನ್ನು, ಅಂದರೆ ಹೊರಗಿನಿಂದ ಒಳಬರುವ ಬಾಗಿಲನ್ನು, ಇಂಟರ್‌ನೆಟ್ಟಿಗೆ ತೆರೆದಿಟ್ಟು ಹೋಗುತ್ತಾರೆ. ಪಾಸ್‌ವರ್ಡ್ ಅಂಗಡಿಯ ಫೋನ್ ನಂಬರೋ ಮಾಲೀಕರ ಮಗಳ ಹೆಸರೋ ಆಗಿರುತ್ತದೆ. ಇಂಥ ತೆರೆದ ಪೋರ್ಟುಗಳನ್ನು ಹುಡುಕುತ್ತ, ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡುತ್ತ ಹಗಲಿರುಳು ದುಡಿಯುವ ಯಂತ್ರಗಳು ಜಗತ್ತಿನ ಎಲ್ಲ ಮೂಲೆಗಳಲ್ಲಿವೆ. ‘ನಮ್ಮಂಥ ಚಿಕ್ಕವರ ಮೇಲೆ ಯಾರು ಕಣ್ಣು ಹಾಕುತ್ತಾರೆ’ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಯಾರೂ ನಿಮ್ಮನ್ನು ಆರಿಸಿಕೊಳ್ಳಬೇಕಿಲ್ಲ, ಬಾಗಿಲು ತೆರೆದಿದ್ದರೆ ಸಾಕು. ದೂರದಿಂದ ಕೆಲಸ ಮಾಡುವುದು ಅಗತ್ಯವೇ ಆದರೆ ವಿಪಿಎನ್ (ಇಂಟರ್‌ನೆಟ್ಟಿನೊಳಗೆ ಬೀಗ ಹಾಕಿದ ಖಾಸಗಿ ದಾರಿ) ಮೂಲಕ ಮಾಡಿ, ಆ ಪೋರ್ಟನ್ನು ಇಂದೇ ಮುಚ್ಚಿಸಿ. ರೌಟರಿನ ಸೆಟ್ಟಿಂಗ್‌ನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಎಂಬ ಪುಟವನ್ನು ತೆರೆದು ತೋರಿಸುವಂತೆ ನಿಮ್ಮ ನೆಟ್‌ವರ್ಕ್‌ನವರನ್ನು ಕೇಳಿದರೆ ಅದು ತೆರೆದಿದೆಯೇ ಇಲ್ಲವೇ ಎಂಬುದು ಅಲ್ಲೇ ತಿಳಿಯುತ್ತದೆ.

ಅಪ್‌ಡೇಟ್‌ಗಳ ಬಗ್ಗೆ ಒಂದೇ ಮಾತು. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲಿ ಲೆಕ್ಕ ಬರೆಯುವವರು ಹೊಸದಕ್ಕೆ ಹೋಗುವ ಏರ್ಪಾಡು ಮಾಡಿಕೊಳ್ಳಬೇಕು.

ದೊಡ್ಡ ಸಂಸ್ಥೆಗಳ ಕಥೆಯೂ ಕೊನೆಗೆ ಬಂದು ನಿಲ್ಲುವುದು ಬ್ಯಾಕಪ್ ಹತ್ತಿರವೇ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೆ ಬೀಗ ಬಿತ್ತು. ಹಲವು ದಿನ ರೋಗಿಗಳ ನೋಂದಣಿಯನ್ನು ಕಾಗದದ ಮೇಲೆ ಮಾಡಬೇಕಾಯಿತು. ದಾಳಿ ಮುಟ್ಟದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ಎಂಬ ಆಸ್ಪತ್ರೆ ನಿರ್ವಹಣಾ ವ್ಯವಸ್ಥೆಯ ದತ್ತಾಂಶವನ್ನೆಲ್ಲ ಮರಳಿ ಪಡೆಯಲಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು.

ಪ್ರತಿ ಇದ್ದರೂ ಅದು ತೆರೆಯುತ್ತದೆಯೇ ಎಂದು ನೋಡುವವರು ಬಹಳ ಕಡಿಮೆ. ವರ್ಷಗಟ್ಟಲೆ ಒಂದೇ ಪೆನ್ ಡ್ರೈವ್‌ಗೆ ಟ್ಯಾಲಿಯ ಬ್ಯಾಕಪ್ ತೆಗೆಯುತ್ತ ಬಂದ ಒಬ್ಬ ಲೆಕ್ಕಿಗರಿಗೆ, ಬೇಕಾದ ದಿನ ಅದರಲ್ಲಿ ಸಿಕ್ಕಿದ್ದು ಹಳೆಯ ಆರ್ಥಿಕ ವರ್ಷದ ಕಂಪನಿ (ಟ್ಯಾಲಿಯಲ್ಲಿ ಒಂದು ವ್ಯವಹಾರದ ಲೆಕ್ಕದ ಕಡತಕ್ಕೆ ಹೀಗೆನ್ನುತ್ತಾರೆ) ಮಾತ್ರ. ಹೊಸ ವರ್ಷಕ್ಕೆ ಹೊಸ ಕಂಪನಿ ತೆರೆದಾಗ ಅದನ್ನು ಬ್ಯಾಕಪ್‌ನ ಪಟ್ಟಿಗೆ ಸೇರಿಸಿರಲಿಲ್ಲ. ಅವರ ಕೆಲಸದಲ್ಲಿ ಉದಾಸೀನವಿರಲಿಲ್ಲ, ಸಂಜೆ ತಪ್ಪದೆ ಬ್ಯಾಕಪ್ ತೆಗೆಯುತ್ತಿದ್ದರು. ತೆರೆದು ನೋಡುವ ಪದ್ಧತಿ ಮಾತ್ರ ಇರಲಿಲ್ಲ. ಮೂರು ತಿಂಗಳಿಗೊಮ್ಮೆ, ಜಿಎಸ್‌ಟಿ ಕೆಲಸದ ಒತ್ತಡವಿಲ್ಲದ ಒಂದು ಮಧ್ಯಾಹ್ನ, ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಕಂಪನಿಯನ್ನು ರಿಸ್ಟೋರ್ ಮಾಡಿ. ಕೊನೆಯ ಬಿಲ್ಲಿನ ನಂಬರ್ ನೋಡಿ, ಬ್ಯಾಂಕ್ ಬಾಕಿ ತಾಳೆ ಹಾಕಿ. ಇದನ್ನು ಮಾಡಿದ ಮೇಲಷ್ಟೇ ನಿಮ್ಮ ಬಳಿ ಬ್ಯಾಕಪ್ ಇದೆ ಎಂದು ನಾನು ಒಪ್ಪುತ್ತೇನೆ.

ಕಾನೂನೂ ಇದನ್ನು ಕೇಳುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ. ದತ್ತಾಂಶ ಕೈತಪ್ಪಿದಾಗಲೂ ಕೆಲಸ ಮುಂದುವರಿಯುವಂತೆ ಬ್ಯಾಕಪ್ ಇಡಬೇಕೆಂಬ ಮಾತು ಅವುಗಳಲ್ಲೇ ಇದೆ. ಗ್ರಾಹಕರ ಆಧಾರ್ ಪ್ರತಿ, ರೋಗಿಯ ವರದಿ, ಮದುವೆಯ ಫೋಟೊ ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಅವನ್ನು ಕಾಯುವ ಹೊಣೆಯೂ ನಿಮ್ಮದೇ. ಕೆಲಸ ಮುಗಿದ ಆಧಾರ್ ಪ್ರತಿಗಳನ್ನು ಅಳಿಸಿಬಿಡುವುದು ಎಲ್ಲಕ್ಕಿಂತ ಸುಲಭದ ರಕ್ಷಣೆ. ನಿಮ್ಮ ಬಳಿ ಇಲ್ಲದ್ದನ್ನು ಯಾರೂ ಕದಿಯಲಾರರು.

ಇಷ್ಟೆಲ್ಲ ಮಾಡಿಯೂ ಒಂದು ದಿನ ಕಡತಗಳ ಹೆಸರು ಬದಲಾಗುವುದು ಕಣ್ಣಿಗೆ ಬಿದ್ದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿರಿ, ವೈಫೈ ಆಫ್ ಮಾಡಿ, ಸಿಕ್ಕಿಸಿದ ಡಿಸ್ಕ್, ಪೆನ್ ಡ್ರೈವ್ ಎಳೆದುಬಿಡಿ. ಹೆಸರುಗಳು ಇನ್ನೂ ಬದಲಾಗುತ್ತಲೇ ಇದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ ಎಂಬುದು ನನ್ನ ಸಲಹೆ. ತನಿಖೆಗೆ ಒಂದಿಷ್ಟು ಸುಳಿವು ಹೋಗಬಹುದು, ಆದರೆ ಸಣ್ಣ ಅಂಗಡಿಗೆ ಉಳಿಯುವ ಕಡತಗಳೇ ಮುಖ್ಯ. ಬ್ಯಾಕಪ್ ಇದೆಯೇ ಎಂದು ನೋಡುವ ತವಕದಲ್ಲಿ ಕಳಚಿಟ್ಟ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಹಾಕಬೇಡಿ. ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ, ಹಣ ಕೇಳಿದ ಪತ್ರವನ್ನೂ ಬೀಗ ಬಿದ್ದ ಒಂದೆರಡು ಕಡತಗಳನ್ನೂ ಎತ್ತಿಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬ್ಯಾಂಕಿನಿಂದ ಹಣವೂ ಹೋಗಿದ್ದರೆ 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಿ. ಕಂಪನಿಗಳು ಇಂಥ ಘಟನೆಯನ್ನು 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ.

ಹಣ ಕೊಡಬೇಡಿ. ಕೊಟ್ಟರೂ ಕೀಲಿ ಬರುವ ಖಾತರಿಯಿಲ್ಲ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಭದ್ರತಾ ಸಂಸ್ಥೆಗಳ ಜೊತೆ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಜಾಲತಾಣದಲ್ಲಿ ಅನೇಕ ರ‍್ಯಾನ್ಸಮ್‌ವೇರ್‌ಗಳ ಬೀಗ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಇವತ್ತು ಸಿಗದ ಕೀಲಿ ಮುಂದೊಮ್ಮೆ ಸಿಗಬಹುದು, ಹಾಗಾಗಿ ಬೀಗ ಬಿದ್ದ ಕಡತಗಳನ್ನು ಬೇರೆ ಡಿಸ್ಕಿಗೆ ತುಂಬಿ ಇಟ್ಟುಕೊಳ್ಳಿ. ಯೂಟ್ಯೂಬ್ ವಿಡಿಯೊದ ಕೆಳಗೆ ಸಿಗುವ ‘ಡಿಕ್ರಿಪ್ಟರ್’ಗಳನ್ನು ಮುಟ್ಟಬೇಡಿ. 2020ರಲ್ಲಿ ಇದೇ ‘ಸ್ಟಾಪ್’ ಬಳಗದ ಬೀಗ ತೆಗೆಯುತ್ತೇನೆಂದು ಬಂದ ಒಂದು ತಂತ್ರಾಂಶ ಬೀಗ ಬಿದ್ದ ಕಡತಗಳ ಮೇಲೆ ಇನ್ನೊಂದು ಬೀಗ ಹಾಕಿತು.

ಕಡತಗಳ ಚಿಂತೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಕೆಲಸವೊಂದಿದೆ. ಈ ಬಳಗದ ರ‍್ಯಾನ್ಸಮ್‌ವೇರ್ ಅನೇಕ ಸಲ ಪಾಸ್‌ವರ್ಡ್ ಕದಿಯುವ ಇನ್ನೊಂದು ತಂತ್ರಾಂಶವನ್ನು ಜೊತೆಯಲ್ಲೇ ಇಳಿಸಿರುತ್ತದೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಇಮೇಲ್, ಬ್ಯಾಂಕ್, ಜಿಎಸ್‌ಟಿ ಪೋರ್ಟಲ್‌ಗಳ ಪಾಸ್‌ವರ್ಡ್ ಆಗಲೇ ಹೋಗಿರುತ್ತದೆ ಎಂದೇ ಭಾವಿಸಿ. ಅದೇ ದಿನ, ಬೇರೆ ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ, ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಉಳಿದ ಬಹುತೇಕ ಖಾತೆಗಳನ್ನು ಮರಳಿ ತೆರೆಯುವ ದಾರಿ ಅದರ ಮೂಲಕವೇ ಹೋಗುತ್ತದೆ. ಆಮೇಲೆ ಬ್ಯಾಂಕಿನದು, ಆಮೇಲೆ ಮಿಕ್ಕವು. ಎಲ್ಲ ಖಾತೆಗಳಿಂದ ಒಮ್ಮೆ ಲಾಗ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ. ಹಳೆಯ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕುವವರೆಗೆ ಅದರಲ್ಲಿ ಯಾವ ಹೊಸ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ.