ರಕ್ತದ ಕೊಬ್ಬು ನಂಜನ್ನು ಹಿಡಿಯುತ್ತದೆ, ಹಾಗಾದರೆ ಔಷಧ ಏಕೆ ಆಗಲಿಲ್ಲ?

ಲ್ಯಾಬ್ ರಿಪೋರ್ಟಿನಲ್ಲಿ, 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ, ರಕ್ತದಲ್ಲಿ ಕೊಬ್ಬು ಸಾಗಿಸುವ ಕಣವಾದ ಎಚ್‌ಡಿಎಲ್ ಎಷ್ಟಿದೆ ಎಂದು ನೋಡುವುದು ಹೃದಯದ ಚಿಂತೆಗೆ. ಐಸಿಯುವಿನಲ್ಲಿ ಅದೇ ಅಂಕಿ ಬೇರೆ ಮಾತಾಡುತ್ತದೆ. ಸೋಂಕು ಮೈಗೇರಿ ಸೆಪ್ಸಿಸ್ ಆದಾಗ ಎಚ್‌ಡಿಎಲ್ ಕೆಲವೇ ದಿನಗಳಲ್ಲಿ ಅರ್ಧಕ್ಕೆ ಕುಸಿಯಬಹುದು. ಹೆಚ್ಚು ಕುಸಿದವರಲ್ಲಿ ಸಾವೂ ಹೆಚ್ಚು. ಕುಸಿತ ಕಾರಣವೋ ಪರಿಣಾಮವೋ ಎಂಬಲ್ಲಿಂದಲೇ ಗೋಜಲು ಶುರು.

ಸತ್ತ ಕಾಲರಾ ಬ್ಯಾಕ್ಟೀರಿಯಾದಲ್ಲೂ ನಂಜು ಉಳಿದಿರುತ್ತದೆ ಎಂದು ಜರ್ಮನ್ ಬ್ಯಾಕ್ಟೀರಿಯಾ ತಜ್ಞ ರಿಚರ್ಡ್ ಫೈಫರ್ ಬರ್ಲಿನ್‌ನಲ್ಲಿ ಕಂಡುಕೊಂಡದ್ದು 1892ರಲ್ಲಿ. ಈ 'ಎಂಡೊಟಾಕ್ಸಿನ್' ರಕ್ತದಲ್ಲಿ ಎಚ್‌ಡಿಎಲ್‌ಗೆ ಅಂಟುತ್ತದೆ ಎಂಬುದು ಸ್ಪಷ್ಟವಾಗುವಷ್ಟರಲ್ಲಿ 1970ರ ದಶಕ ಮುಗಿಯುತ್ತ ಬಂದಿತ್ತು.

ಅಂಟುವುದು ಹೀಗೆ. ಎಂಡೊಟಾಕ್ಸಿನ್ ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾದ ಹೊರಪೊರೆಯ ಅಣು. ಅದರ ಒಂದು ತುದಿ 'ಲಿಪಿಡ್ ಎ' ಎಂಬ ಭಾಗ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಇದಕ್ಕೆ ಆರು ಕೊಬ್ಬಿನ ಬಾಲಗಳು. ಬಾಲಗಳು ಎಚ್‌ಡಿಎಲ್ ಕಣದ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಮೈಯೊಳಗೆ ಹೂತುಕೊಂಡರೆ ನಂಜು ಕಚ್ಚಲಾರದು. ಆದರೆ ತಾನಾಗಿ ಹೂತುಕೊಳ್ಳುವುದು ಬಲು ನಿಧಾನ. ಎಲ್‌ಬಿಪಿ ಎಂಬ ಪ್ರೋಟೀನು ಹೊತ್ತೊಯ್ಯಬೇಕು. ತಮಾಷೆಯೆಂದರೆ ಅದೇ ಎಲ್‌ಬಿಪಿ ನಂಜನ್ನು ಬಿಳಿ ರಕ್ತಕಣದ ಮೇಲಿನ ಸಿಡಿ14 ಎಂಬ ಗ್ರಾಹಕಕ್ಕೂ ಒಪ್ಪಿಸುತ್ತದೆ. ಅಲ್ಲಿಂದ ಅಪಾಯದ ಸುದ್ದಿ ಮುಟ್ಟಿಸುವ ಟಿಎಲ್‌ಆರ್4 ಗ್ರಾಹಕ, ಆಮೇಲೆ ಉರಿಯೂತ. ರಕ್ತಕಣದ ದಾರಿ ಹತ್ತಿರದ್ದು, ಕೊಬ್ಬಿನದು ಸುತ್ತು. ಬಿಳಿ ರಕ್ತಕಣಕ್ಕೆ ಅಂಟಿದ ನಂಜನ್ನೂ ಎಚ್‌ಡಿಎಲ್ ಒಂದಿಷ್ಟು ಕಿತ್ತುಕೊಳ್ಳಬಲ್ಲದು, ಅಷ್ಟರಲ್ಲಿ ಬೆಂಕಿ ಹೊತ್ತಿರುತ್ತದೆ.

1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 8 ಆರೋಗ್ಯವಂತರಿಗೆ ಕೆಜಿಗೆ 4 ನ್ಯಾನೊಗ್ರಾಂ ಎಂಡೊಟಾಕ್ಸಿನ್ ಕೊಟ್ಟರು. ಲ್ಯಾಬಿನಲ್ಲಿ ಕಟ್ಟಿದ ಎಚ್‌ಡಿಎಲ್ ಕೆಜಿಗೆ 40 ಮಿಲಿಗ್ರಾಂ ಕೊಟ್ಟಾಗ ಚಳಿ, ವಾಕರಿಕೆ, ತಲೆನೋವು ಬಹಳ ತಗ್ಗಿದವು. ಎಲ್ಲರೂ ನೆನಪಿಟ್ಟದ್ದು ಇಷ್ಟೇ. ಆ ಎಚ್‌ಡಿಎಲ್ ಡ್ರಿಪ್ ಶುರುವಾದದ್ದು ನಂಜಿಗಿಂತ ಮೂರೂವರೆ ಗಂಟೆ ಮೊದಲು ಎಂಬುದನ್ನು ಅಷ್ಟಾಗಿ ಯಾರೂ ನೆನಪಿಡಲಿಲ್ಲ. ಸೆಪ್ಸಿಸ್ ರೋಗಿ ಆಸ್ಪತ್ರೆಗೆ ಬರುವುದು ನಂಜೇರಿದ ಮೇಲೆ.

ಮುಂದಿನ ದೊಡ್ಡ ಪರೀಕ್ಷೆಯ ಫಲಿತಾಂಶ 2009ರಲ್ಲಿ ಬಂತು. ಅಲ್ಲಿ ಬಳಸಿದ್ದು ಎಚ್‌ಡಿಎಲ್ ಅಲ್ಲ, ಕೊಬ್ಬಿನ ಹನಿಗಳನ್ನು ನೀರಿನಲ್ಲಿ ಬೆರೆಸಿದ ಫಾಸ್ಫೊಲಿಪಿಡ್ ಎಮಲ್ಷನ್. 1,379 ಸೆಪ್ಸಿಸ್ ರೋಗಿಗಳು; ಮೂರು ದಿನಗಳಲ್ಲಿ ಕೆಜಿಗೆ 850 ಅಥವಾ 1,350 ಮಿಲಿಗ್ರಾಂ. 60 ಕೆಜಿಯ ರೋಗಿಗೆ ಲೆಕ್ಕ ಹಾಕಿ: 51 ಗ್ರಾಂ, ಇಲ್ಲವೇ 81 ಗ್ರಾಂ ಕೊಬ್ಬು ನೇರ ರಕ್ತನಾಳಕ್ಕೆ. ತೀವ್ರ ಅಡ್ಡಪರಿಣಾಮಗಳು ಹೆಚ್ಚಿದ್ದರಿಂದ ದೊಡ್ಡ ಡೋಸನ್ನು ನಡುವೆಯೇ ನಿಲ್ಲಿಸಿದರು. ಸಣ್ಣ ಡೋಸು 28 ದಿನಗಳೊಳಗಿನ ಸಾವನ್ನು ತಗ್ಗಿಸಲಿಲ್ಲ. ಟಿಎಲ್‌ಆರ್4ನ್ನೇ ತಡೆಯುವ ಎರಿಟೊರಾನ್ ಎಂಬ ಔಷಧ ಕೂಡ 2013ರಲ್ಲಿ ಸೋತಿತು.

ಇನ್ನೊಂದು ತೊಡಕು ಅಳೆಯುವುದರಲ್ಲೇ ಇದೆ. ಕುದುರೆಲಾಳದ ಏಡಿಯ ರಕ್ತದಿಂದ ಮಾಡುವ ಎಲ್‌ಎಎಲ್ ಪರೀಕ್ಷೆಗೆ, ಕೊಬ್ಬಿನೊಳಗೆ ಹೂತ ಎಂಡೊಟಾಕ್ಸಿನ್ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಹತ್ತು ಪಟ್ಟು ತೆಳುಮಾಡಿ ಸುಮಾರು 75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಕಾಯಿಸುತ್ತಾರೆ. ಕಾಯಿಸಿದರೆ ಕಟ್ಟಿಹಾಕಿದ ನಂಜೂ ಒಂದಷ್ಟು ಬಿಡಿಸಿಕೊಂಡು ಬಂದು ಲೆಕ್ಕಕ್ಕೆ ಸೇರುತ್ತದೆ. ಕಾಯಿಸದಿದ್ದರೆ ಯಾವುದಕ್ಕೂ ಅಂಟದ ಬಿಡಿ ನಂಜೂ ಪ್ಲಾಸ್ಮಾದ ಅಡ್ಡಿಯಲ್ಲಿ ತಪ್ಪಿಹೋಗಬಹುದು. ಯಾವ ರೋಗಿಗೆ ಕೊಬ್ಬಿನ ಡ್ರಿಪ್ ಬೇಕು ಎಂದು ಆರಿಸಲು ಬೇಕಿರುವುದು ಬಿಡಿ ನಂಜಿನ ಅಂಕಿ. ಈ ಪರೀಕ್ಷೆ ಅದೊಂದನ್ನೇ ಬೇರ್ಪಡಿಸಿ ಕೊಡದು.